ದೀರ್ಘಕಾಲದ ಸೈನಸ್ ತೊಂದರೆಗೆ ಆಸ್ಟಿಯೋಪಥಿ: ಇತಿಹಾಸ

ಮೂಗಿನ ಸುತ್ತಲಿನ ಮೂಳೆಗೂಡುಗಳಲ್ಲಿ ಕಟ್ಟಿಕೊಂಡ ಕಫವನ್ನು ಕೈಚಿಕಿತ್ಸೆಯಿಂದ ಹರಿಯುವಂತೆ ಮಾಡಬಹುದೆಂಬ ನಂಬಿಕೆಯ ಮೇಲೆ ನಿಂತ ಚಿಕಿತ್ಸಾಕ್ರಮ ಇದು. ಇದನ್ನು ಆಸ್ಟಿಯೋಪಥಿಯ ಸ್ಥಾಪಕ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಅವರ ಕೊಡುಗೆ ಎನ್ನುವುದು ರೂಢಿ. ಅದು ಅರ್ಧಸತ್ಯ. ಇಂದು ಸೈನಸ್‌ಗೆ ಬಳಸುವ ಮುಖ್ಯ ತಂತ್ರಗಳು ಬೇರೆ ಬೇರೆ ಉದ್ದೇಶಕ್ಕೆ ರೂಪುಗೊಂಡು, ಮುಂದೆ ಒಂದೆಡೆ ಸೇರಿದವು.

ಸ್ಟಿಲ್ ಅವರ ಮೂವರು ಮಕ್ಕಳು 1864ರಲ್ಲಿ ಮೆದುಳುಪೊರೆಯ ಉರಿಯೂತಕ್ಕೆ ಬಲಿಯಾದರು. ಅಂದಿನ ಔಷಧಗಳಲ್ಲಿ ನಂಬಿಕೆ ಕಳೆದುಕೊಂಡ ಅವರು 1874ರಲ್ಲಿ ತಮ್ಮ ಪದ್ಧತಿಯನ್ನು ಸಾರಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ರಕ್ತ ಮತ್ತು ದುಗ್ಧರಸದ (ಲಿಂಫ್) ಹರಿವಿಗೆ ಅಡ್ಡಿಯಾದಲ್ಲಿ ರೋಗ ಹುಟ್ಟುತ್ತದೆ ಎಂಬುದು ಅವರ ಮೂಲತತ್ತ್ವ. ಸೈನಸ್ ಚಿಕಿತ್ಸೆ ಅವರಿಂದ ಪಡೆದದ್ದು ಈ ತತ್ತ್ವವನ್ನೇ.

ಉಸಿರಾಟದ ರೋಗಗಳಲ್ಲಿ ಪದ್ಧತಿಗೆ ಹೆಸರು ತಂದದ್ದು 1918ರ ಇನ್‌ಫ್ಲುಯೆಂಜಾ. ತಾವು ನೋಡಿದ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳಲ್ಲಿ 257 ಮಂದಿ ಮಾತ್ರ ಸತ್ತರೆಂದು ಆಸ್ಟಿಯೋಪಾತ್‌ಗಳು ವರದಿ ಮಾಡಿದರು. ಈ ಅಂಕಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆದರೆ ಅದು ಚಿಕಿತ್ಸಕರೇ ಕೊಟ್ಟ ಲೆಕ್ಕ. ಹೋಲಿಸಲು ಸಮಾನ ರೋಗಿಗಳ ಗುಂಪು ಇರಲಿಲ್ಲ. ಅದನ್ನು ಪುರಾವೆಯೆಂದು ಎಣಿಸುವಂತಿಲ್ಲ.

1920ರ ದಶಕದಲ್ಲಿ ಆಸ್ಟಿಯೋಪಾತ್ ಸಿ. ಇ. ಮಿಲ್ಲರ್ ಎದೆಗೂಡನ್ನು ಲಯಬದ್ಧವಾಗಿ ಒತ್ತಿ ದುಗ್ಧರಸ ಚಲಿಸುವಂತೆ ಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದರು. 1929ರಲ್ಲಿ ವಿಲಿಯಂ ಗಾಲ್‌ಬ್ರೆತ್ ಕೆಳದವಡೆಯನ್ನು ಮೆಲ್ಲಗೆ ಎಳೆಯುವ ತಂತ್ರವನ್ನು ಪ್ರಕಟಿಸಿದರು. ಸೈನಸ್ ಕುರಿತ ಬರಹಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಗಾಲ್‌ಬ್ರೆತ್ ಅದನ್ನು ರೂಪಿಸಿದ್ದು ಮಾತ್ರ ಕಿವಿಸೋಂಕಿಗೆ, ಮಧ್ಯಕಿವಿಯ ನಾಳ ತೆರೆದು ಕೀವು ಇಳಿಯಲೆಂದು.

ಎಲ್ಲಕ್ಕಿಂತ ವಿವಾದಕ್ಕೊಳಗಾದದ್ದು ತಲೆಬುರುಡೆಯ ಚಿಕಿತ್ಸೆ. ಕರ್ಕ್ಸ್‌ವಿಲ್‌ನ ವಿದ್ಯಾರ್ಥಿಯಾಗಿದ್ದ ವಿಲಿಯಂ ಗಾರ್ನರ್ ಸದರ್ಲೆಂಡ್, ಬಿಡಿಬಿಡಿಯಾಗಿಸಿದ ಬುರುಡೆಯ ಮೂಳೆಗಳ ಓರೆ ಅಂಚುಗಳನ್ನು ಕಂಡು, ಮೀನಿನ ಕಿವಿರಿನಂತೆ ಅವೂ ಚಲಿಸಲೆಂದೇ ಆಗಿವೆ ಎಂದು ಊಹಿಸಿದರು. ದಶಕಗಳ ಕಾಲ ತಮ್ಮ ತಲೆಯ ಮೇಲೆಯೇ ಪ್ರಯೋಗ ನಡೆಸಿ, 1939ರಲ್ಲಿ ‘ದಿ ಕ್ರೇನಿಯಲ್ ಬೌಲ್’ ಪ್ರಕಟಿಸಿದರು. ಹಣೆ, ಕೆನ್ನೆ, ಮೂಗಿನ ಬುಡದ ಮೂಳೆಗಳನ್ನು ಹಗುರವಾಗಿ ಹಿಡಿದು ‘ಬಿಡಿಸುವ’ ಇಂದಿನ ರೂಢಿ ಇಲ್ಲಿಂದ ಬಂತು. ವಯಸ್ಕರ ಬುರುಡೆಯ ಮೂಳೆಗಳು ಚಿಕಿತ್ಸಕನ ಬೆರಳಿಗೆ ತಿಳಿಯುವಷ್ಟು ಅಲುಗುತ್ತವೆ ಎಂಬ ವಾದವನ್ನು ಅಂಗರಚನಾಶಾಸ್ತ್ರಜ್ಞರು ಒಪ್ಪಲಿಲ್ಲ. 2016ರಲ್ಲಿ ಗಿಯೋ ಮತ್ತು ಸಂಗಡಿಗರ ಸಮೀಕ್ಷೆ, ಈ ವಿಧಾನದ ರೋಗನಿದಾನಕ್ಕೂ ಫಲಕ್ಕೂ ಗಟ್ಟಿ ಆಧಾರವಿಲ್ಲವೆಂದಿತು.

ಆ್ಯಂಟಿಬಯಾಟಿಕ್ ಬಂದ ಮೇಲೆ ಕೈಚಿಕಿತ್ಸೆ ಹಿಂದೆ ಸರಿಯಿತು. 1980ರ ದಶಕದಲ್ಲಿ ಎಂಡೊಸ್ಕೋಪ್ ಶಸ್ತ್ರಚಿಕಿತ್ಸೆ ಹಬ್ಬಿತು. ‘ಆಸ್ಟಿಯೋಪಾತ್’ ಎಂಬುದರ ಅರ್ಥವೂ ದೇಶಕ್ಕೊಂದಾಯಿತು. ಅಮೆರಿಕದಲ್ಲಿ ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವೀಧರರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. 2001ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದವರ ಅರ್ಧಕ್ಕೂ ಹೆಚ್ಚು ಮಂದಿ ಕೈಚಿಕಿತ್ಸೆಯನ್ನು ತಮ್ಮ ಶೇ. 5ಕ್ಕಿಂತ ಕಡಿಮೆ ರೋಗಿಗಳಿಗೆ ಮಾತ್ರ ಬಳಸುತ್ತಿದ್ದರು. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್‌ಗಳು 1993ರ ಕಾಯಿದೆಯಡಿ ನೋಂದಾಯಿತರಾದ, ಕೈಯಿಂದಲೇ ಚಿಕಿತ್ಸೆ ನೀಡುವವರು. ಹಳೆಯ ವರದಿ ಓದುವಾಗ ಬರೆದವರು ಯಾವ ಬಗೆಯವರೆಂದು ನೋಡುವುದು ಅಗತ್ಯ.

ದೀರ್ಘಕಾಲದ ಸೈನಸ್ ಉರಿಯೂತವನ್ನೇ ಗುರಿಯಾಗಿಟ್ಟ ಅಧ್ಯಯನಗಳು ತಡವಾಗಿ ಬಂದವು. 2011ರಲ್ಲಿ ಅಮೆರಿಕದ ಲೀ-ವಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಾಥಮಿಕ ಅಧ್ಯಯನದಲ್ಲಿ ಚಿಕಿತ್ಸೆಯ ಬೆನ್ನಿಗೇ ಮೂಗುಕಟ್ಟು, ನೋವು ತಗ್ಗಿದವೆಂದು ರೋಗಿಗಳು ಹೇಳಿದರು. ಆದರೆ ರೋಗಿಗಳ ಸಂಖ್ಯೆ ಸಣ್ಣದು, ಹೋಲಿಕೆಯ ಗುಂಪಿರಲಿಲ್ಲ. 2020ರ ಯುರೋಪಿಯನ್ ಮಾರ್ಗಸೂಚಿ ಈ ಕಾಯಿಲೆಗೆ ಮೊದಲ ಚಿಕಿತ್ಸೆಯಾಗಿ ಹೇಳುವುದು ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಮತ್ತು ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡನ್ನು.