ಬುಗ್ಗೆ ಮತ್ತು ಪಂಕ್ತಿ
ಬೀದರದ ಮುರಕಲ್ಲಿನ ಅಂಚಿನಲ್ಲಿ ಒಸರುವ ಸಿಹಿನೀರಿನ ಬುಗ್ಗೆ ನಾನಕ ಝೀರಾ. ಗುರು ನಾನಕರು ಕಲ್ಲೊಂದನ್ನು ಸರಿಸಲು ಈ ಜಲ ಹೊಮ್ಮಿತೆಂಬುದು ಜನರ ನಂಬುಗೆ. 1948ರಲ್ಲಿ ಕಟ್ಟಿದ ಅಲ್ಲಿನ ಗುರುದ್ವಾರದ ಲಂಗರಿನಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಸಸ್ಯಾಹಾರದ ಊಟ ಉಣ್ಣುತ್ತಾರೆ.

ಆದರೆ ನೀರಿನ ತವರು ಬುಗ್ಗೆಯ ಬಾಯಲ್ಲಿಲ್ಲ. ಪ್ರಸ್ಥಭೂಮಿಯ ಮಳೆ ರಂಧ್ರಮಯ ಮುರಕಲ್ಲಿನೊಳಗೆ ಇಳಿದು, ತಳದ ಕಪ್ಪುಶಿಲೆ ಅಡ್ಡಬಂದೆಡೆ ಹೊರಬರುತ್ತದೆ. ಬಹಮನಿ ಕಾಲದ ನೌಬಾದ್ ಕರೇಜ್ ಸುರಂಗಕ್ಕೂ ಇದೇ ಆಧಾರ. 2010ರ ದಶಕದಲ್ಲಿ ಅದರ ಹೂಳೆತ್ತಿದಾಗ ಕೊಳವೆಬಾವಿಗಳ, ಹೊಸ ಕಟ್ಟಡಗಳ ಪ್ರಶ್ನೆಯೂ ಮೇಲೆದ್ದಿತು. ಬಾವಿಯಿಲ್ಲದೆ ಬಾಳುವುದೆಂತು ಎನ್ನುವವರನ್ನು ನಾನು ಅಲ್ಲಗಳೆಯಲಾರೆ. ಆದರೂ ಮೇಲಿನ ನೆಲವನ್ನು ಬತ್ತಿಸಿ, ಕೆಳಗೆ ಬುಗ್ಗೆಗೆ ಕಟ್ಟೆ ಕಟ್ಟಿ ಫಲವೇನು? ನನ್ನ ತಟ್ಟೆಗೆ ಬಡಿಸಿಕೊಳ್ಳುವಾಗ ಪಂಕ್ತಿಯ ಕೊನೆಯವನ ನೆನಪಿರಬೇಕೆಂಬ ಲಂಗರಿನ ನೀತಿ ನೆಲದಡಿಯ ನೀರಿಗೂ ಸಲ್ಲತಕ್ಕದ್ದು.