ಮಲ್ಪೆಯ ಶಿಲಾಸ್ತಂಭಗಳಲ್ಲಿ ಷಡ್ಭುಜ: ನಿಯತ ಘನಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ: ಉಡುಪಿ ಜಿಲ್ಲೆಯ ಮಲ್ಪೆ ಕಡಲತೀರದಾಚೆಯ ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳ ಅಡ್ಡಛೇದದಲ್ಲಿ ಷಡ್ಭುಜ ಎದ್ದು ಕಾಣುತ್ತದೆ. ಐದು ನಿಯತ ಘನಗಳಲ್ಲಿ ಒಂದಕ್ಕೂ ಷಡ್ಭುಜ ಮುಖವಿಲ್ಲ. ಎರಡಕ್ಕೂ ಕಾರಣ ಒಂದೇ ಕೋನಗಣಿತ ಎಂಬುದು ಈ ಲೇಖನದ ಪ್ರತಿಪಾದನೆ.

1. ಕೋನದ ಕೊರತೆ

ಮುಖಗಳೆಲ್ಲ ಸರ್ವಸಮ ನಿಯತ ಬಹುಭುಜಗಳಾಗಿದ್ದು, ಪ್ರತಿ ಶೃಂಗದಲ್ಲೂ ಒಂದೇ ಸಂಖ್ಯೆಯ ಮುಖಗಳು ಸೇರುವ ಪೀನ ಘನಗಳು ಐದೇ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ 13ನೆಯ ಭಾಗವನ್ನು ಮುಗಿಸುವುದು ಈ ಮಾತಿನಿಂದಲೇ. ಶೃಂಗದಲ್ಲಿ ಕನಿಷ್ಠ ಮೂರು ಮುಖಗಳು ಕೂಡಬೇಕು, ಅವುಗಳ ಕೋನಗಳ ಮೊತ್ತ 360 ಡಿಗ್ರಿಗಿಂತ ಕಡಿಮೆಯಿರಬೇಕು. ಎಷ್ಟು ಕಡಿಮೆಯೋ ಅದೇ ಆ ಶೃಂಗದ ಕೊರತೆ. ತ್ರಿಭುಜಗಳಾದರೆ ಮೂರು, ನಾಲ್ಕು ಅಥವಾ ಐದು ಕೂಡಬಹುದು. ಚೌಕಗಳಾಗಲಿ ಪಂಚಭುಜಗಳಾಗಲಿ ಮೂರೇ. ಷಡ್ಭುಜದ ಕೋನ 120 ಡಿಗ್ರಿ. ಮೂರು ಕೂಡಿದರೆ 360 ತುಂಬಿ ಮೇಲ್ಮೈ ಚಪ್ಪಟೆಯಾಗುತ್ತದೆ.

ಪೀನ ಘನದ ಎಲ್ಲ ಶೃಂಗಗಳ ಕೊರತೆಯನ್ನು ಕೂಡಿದರೆ 720 ಡಿಗ್ರಿ ಬರುತ್ತದೆಂಬುದು ಡೆಕಾರ್ಟ್‌ನ ಪ್ರಮೇಯ. ಷಣ್ಮುಖ ಘನದಲ್ಲಿ 8 ಶೃಂಗಗಳಿಗೆ 90ರಂತೆ, ದ್ವಾದಶಮುಖ ಘನದಲ್ಲಿ 20 ಶೃಂಗಗಳಿಗೆ 36ರಂತೆ ಈ ಲೆಕ್ಕ ಕೂಡುತ್ತದೆ. ನಿಯತ ಷಡ್ಭುಜಗಳಷ್ಟೇ ಸೇರಿದಲ್ಲಿ ಕೊರತೆ ಸೊನ್ನೆ.

2. ಲಾವಾ ಬಿರಿದ ಬಗೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಈ ದ್ವೀಪದ ಶಿಲೆ ಸಿಲಿಕಾ ಹೆಚ್ಚಿರುವ ರಯೋಲೈಟ್-ಡೇಸೈಟ್ ವರ್ಗದ್ದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲಕ್ಕೆ, ಅಂದರೆ ಸುಮಾರು 9 ಕೋಟಿ ವರ್ಷಗಳ ಹಿಂದಕ್ಕೆ, ಅದು ಸೇರುತ್ತದೆ. ಲಾವಾ ತಣಿದು ಕುಗ್ಗಿದಾಗ ಮೇಲ್ಮೈಯ ಬಿರುಕುಗಳು ಹೆಚ್ಚಾಗಿ ‘ಟಿ’ ಆಕಾರದಲ್ಲಿ ಸಂಧಿಸುತ್ತವೆ. ತಂಪು ಒಳಗಿಳಿದಂತೆ ಸಂಧಿಗಳು 120 ಡಿಗ್ರಿಯ ‘ವೈ’ ಆಕಾರದತ್ತ ಹೊರಳುತ್ತವೆ. ಬಿರುಕುಗಳೂ ತಂಪು ಇಳಿಯುವ ದಿಕ್ಕಿನಲ್ಲೇ ಬೆಳೆದು ಸ್ತಂಭಗಳು ರೂಪುಗೊಳ್ಳುತ್ತವೆ. ಇಂಥ ಸ್ತಂಭ ಗಣಿತದ ಲೆಕ್ಕದಲ್ಲಿ ಪಟ್ಟಕ. ಅದರ ತುದಿಮುಖ ಒಂದು ಬಗೆ, ಪಕ್ಕದ ಮುಖ ಇನ್ನೊಂದು ಬಗೆ. ಆದ್ದರಿಂದ ಅದು ನಿಯತ ಘನವಲ್ಲ.

3. ಸರಾಸರಿಯ ನಿಯಮ

ಎಲ್ಲ ಸ್ತಂಭಗಳಿಗೂ ಆರೇ ಬದಿಗಳಿಲ್ಲ. ಐದು, ಏಳು ಬದಿಯವೂ ಇವೆ. ಪ್ರತಿ ಸಂಧಿಯಲ್ಲೂ ಮೂರು ಅಂಚುಗಳು ಕೂಡುವ ವಿಶಾಲ ಸಮತಲ ಜಾಲದಲ್ಲಿ ಬದಿಗಳ ಸರಾಸರಿ ಆರನ್ನು ಸಮೀಪಿಸುತ್ತದೆಂದು ಆಯ್ಲರನ ಸೂತ್ರದಿಂದ ಸಿದ್ಧವಾಗುತ್ತದೆ. ಪಂಚಭುಜ ತಂದ ಕೊರತೆಯನ್ನು ಸಪ್ತಭುಜ ತುಂಬಿಕೊಡುತ್ತದೆ. ಮುಚ್ಚಿದ ಘನದಲ್ಲಾದರೆ ಕೊರತೆ ಉಳಿಯಲೇಬೇಕು: ಶೃಂಗಕ್ಕೆ ಮೂರು ಅಂಚುಗಳಿದ್ದು, ಪಂಚಭುಜ-ಷಡ್ಭುಜಗಳಿಂದಷ್ಟೇ ಆದ ಘನದಲ್ಲಿ ಪಂಚಭುಜಗಳು ಸರಿಯಾಗಿ 12. ಕಪ್ಪು-ಬಿಳಿ ಫುಟ್‌ಬಾಲಿನ ಕಪ್ಪು ತುಂಡುಗಳೂ ಅಷ್ಟೇ. ಷಡ್ಭುಜಗಳನ್ನು ಪೂರ್ತಿ ತೆಗೆದರೆ ಉಳಿಯುವುದು ದ್ವಾದಶಮುಖ ಘನ.

4. ಕ್ಷೇತ್ರಕಾರ್ಯಕ್ಕೊಂದು ಅಳತೆ

‘ಟಿ’ ಸಂಧಿಯಲ್ಲಿ ನೇರ ಬದಿಯ ಸ್ತಂಭಕ್ಕೆ ಮೂಲೆ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಮೂಲೆಗಳನ್ನಷ್ಟೇ ಎಣಿಸಿದರೆ, ಎಲ್ಲವೂ ‘ಟಿ’ ಆದ ಜಾಲದಲ್ಲಿ ಸರಾಸರಿ ನಾಲ್ಕು, ಎಲ್ಲವೂ ‘ವೈ’ ಆದಲ್ಲಿ ಆರು. ಆದ್ದರಿಂದ ದ್ವೀಪದ ಒಂದು ಹಾಸಿನಲ್ಲಿ ಸರಾಸರಿ ಆರಕ್ಕಿಂತ ಕಡಿಮೆ ಬಂದರೆ ಆಯ್ಲರನ ಸೂತ್ರಕ್ಕೆ ಭಂಗವಿಲ್ಲ. ಅಲ್ಲಿನ ಬಿರುಕುಜಾಲ ಎಷ್ಟು ಪಕ್ವವಾಗಿತ್ತೆಂಬುದಕ್ಕೆ ಆ ಅಂತರವೇ ಅಳತೆ.