ಸಿಪ್ಯಾಪ್ ಚಿಕಿತ್ಸೆಗೆ ಹೊಂದಿಕೊಳ್ಳುವಿಕೆ

ಸಿಪ್ಯಾಪ್ ಚಿಕಿತ್ಸೆಗೆ ಹೊಂದಿಕೊಳ್ಳುವಿಕೆ ಎಂಬುದು ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ ಇರುವವರು ಗಾಳಿಯೊತ್ತಡದ ಯಂತ್ರ ಮತ್ತು ಮಾಸ್ಕಿನೊಂದಿಗೆ ಮಲಗುವುದನ್ನು ರೂಢಿಸಿಕೊಳ್ಳುವ ಆರಂಭಿಕ ಅವಧಿಯಾಗಿದೆ. ಈ ಅವಧಿಯಲ್ಲಿ ಬಾಯಿ ಒಣಗುವುದು, ಮೂಗು ಕಟ್ಟುವುದು, ಚರ್ಮ ಕೆಂಪಾಗುವುದು, ಹೊಟ್ಟೆ ಉಬ್ಬುವುದು ಹಾಗೂ ಮಾಸ್ಕಿನೊಳಗೆ ಉಸಿರು ಸಿಕ್ಕಿಕೊಂಡಂತೆ ಅನ್ನಿಸುವುದು ಸಾಮಾನ್ಯ. ಇವುಗಳಲ್ಲಿ ಹೆಚ್ಚಿನವಕ್ಕೆ ನಿರ್ದಿಷ್ಟ ಕಾರಣ ಮತ್ತು ಪರಿಹಾರಗಳಿವೆ. ಆದರೂ ಅನೇಕರು ಈ ಕಿರಿಕಿರಿಯಿಂದಾಗಿಯೇ ಚಿಕಿತ್ಸೆಯನ್ನು ನಿಲ್ಲಿಸುತ್ತಾರೆ.

ಹಿನ್ನೆಲೆ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮತ್ತೆ ಮತ್ತೆ ಮುಚ್ಚಿಕೊಳ್ಳುವುದು ಈ ರೋಗದ ಲಕ್ಷಣ. ಪ್ರತಿ ಬಾರಿಯೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ, ಮಿದುಳು ಕ್ಷಣಕಾಲ ಎಚ್ಚರಗೊಂಡು ಉಸಿರಾಟ ಪುನಃ ಆರಂಭವಾಗುತ್ತದೆ. ಗಂಟೆಗೆ 5ರಿಂದ 15 ಬಾರಿ ಹೀಗಾದರೆ ಸೌಮ್ಯ, 15ರಿಂದ 30 ಬಾರಿಯಾದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ ಎಂದು ವರ್ಗೀಕರಿಸಲಾಗುತ್ತದೆ. ಜೋರಾದ ಗೊರಕೆ, ಬೆಳಗಿನ ತಲೆನೋವು ಮತ್ತು ಹಗಲಿನ ತೂಕಡಿಕೆ ಇದರ ಮುಖ್ಯ ಸೂಚನೆಗಳು.

ಸಿಪ್ಯಾಪ್ ಯಂತ್ರವು ಕೋಣೆಯ ಗಾಳಿಯನ್ನೇ ಸೆಳೆದು, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಕೊಳವೆಯ ಮೂಲಕ ಮಾಸ್ಕಿಗೆ ಕಳುಹಿಸುತ್ತದೆ. ಈ ಒತ್ತಡವು ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ಆಧಾರ ನೀಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಿ, 1981ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತದಲ್ಲಿ ಈ ರೋಗದ ಪತ್ತೆ ಮತ್ತು ಚಿಕಿತ್ಸೆಗೆ 'ಇನೋಸಾ' ಹೆಸರಿನ ಮಾರ್ಗಸೂಚಿ 2014ರಲ್ಲಿ ಹೊರಬಂದಿತು.

ಬಳಕೆಯ ಅವಧಿಯ ಮಹತ್ವ

ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ. ಧರಿಸಿರುವಷ್ಟು ಹೊತ್ತು ಮಾತ್ರ ಶ್ವಾಸಮಾರ್ಗವನ್ನು ತೆರೆದಿಡುತ್ತದೆ. ಭಾರತವೂ ಸೇರಿದಂತೆ ಏಳು ದೇಶಗಳ 2,717 ಹೃದಯ ಮತ್ತು ರಕ್ತನಾಳ ರೋಗಿಗಳನ್ನು ಒಳಗೊಂಡಿದ್ದ 'ಸೇವ್' ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಿಪ್ಯಾಪ್ ಬಳಸಿದವರ ಹಗಲಿನ ತೂಕಡಿಕೆ ತಗ್ಗಿ ಜೀವನದ ಗುಣಮಟ್ಟ ಉತ್ತಮಗೊಂಡರೂ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ಘಟನೆಗಳು ಕಡಿಮೆಯಾಗಲಿಲ್ಲ. ಭಾಗವಹಿಸಿದವರು ಯಂತ್ರವನ್ನು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಬಳಸಿದ್ದರು. ಈ ಅಲ್ಪ ಬಳಕೆಯೇ ಕಾರಣವಿರಬಹುದೇ ಎಂಬ ಚರ್ಚೆ ನಂತರ ನಡೆಯಿತು. ರಾತ್ರಿಗೆ ಕನಿಷ್ಠ 4 ಗಂಟೆಯಂತೆ ಶೇ. 70ರಷ್ಟು ರಾತ್ರಿಗಳ ಬಳಕೆಯನ್ನು ಸಾಮಾನ್ಯವಾಗಿ ಸಮರ್ಪಕವೆಂದು ಪರಿಗಣಿಸುತ್ತಾರಾದರೂ, ನಿದ್ರಿಸುವಷ್ಟು ಹೊತ್ತೂ ಬಳಸುವುದೇ ಗುರಿ. ಮೊದಲ ವಾರದಲ್ಲಿ ರೂಢಿಯಾದ ಪ್ರಮಾಣವೇ ಮುಂದೆಯೂ ಉಳಿಯುವ ಪ್ರವೃತ್ತಿ ಕಂಡುಬಂದಿರುವುದರಿಂದ, ಆರಂಭದ ತೊಂದರೆಗಳನ್ನು ತಡಮಾಡದೆ ಸರಿಪಡಿಸಿಕೊಳ್ಳುವುದು ಮುಖ್ಯ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಬಾಯಿ ಮತ್ತು ಗಂಟಲು ಒಣಗುವುದು: ಮೂಗಿನ ಮಾಸ್ಕ್ ಧರಿಸಿದವರು ಬಾಯಿ ತೆರೆದು ಮಲಗಿದರೆ ಗಾಳಿ ಬಾಯಿಯಿಂದ ಹೊರಹೋಗಿ ತೇವ ಆರುತ್ತದೆ. ಬಿಸಿ ಮಾಡುವ ತೇವಕಾರಕ ಜೋಡಿಸುವುದು, ಗಲ್ಲಪಟ್ಟಿ ಕಟ್ಟುವುದು ಅಥವಾ ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕಿಗೆ ಬದಲಾಯಿಸುವುದು ಪರಿಹಾರಗಳು.

ಮೂಗು ಕಟ್ಟುವುದು ಮತ್ತು ಸೋರುವುದು: ತಂಪಾದ ಒಣಗಾಳಿ ಮೂಗಿನ ಒಳಪದರವನ್ನು ಕೆರಳಿಸುತ್ತದೆ. ತೇವಕಾರಕವೂ ಮಲಗುವ ಮುನ್ನ ಬಳಸುವ ಉಪ್ಪುನೀರಿನ ಸ್ಪ್ರೇಯೂ ಸಹಾಯಕ. ಮೂಗು ಬಿಡಿಸುವ ಔಷಧೀಯ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಕಾಲ ಬಳಸಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಅಲರ್ಜಿ ಅಥವಾ ಮೂಗಿನ ನಡುಗೋಡೆ ಓರೆಯಾಗಿರುವುದು ಕಾರಣವಾಗಿದ್ದರೆ ಕಿವಿ, ಮೂಗು, ಗಂಟಲು ತಜ್ಞರ ಚಿಕಿತ್ಸೆ ಬೇಕಾಗುತ್ತದೆ.

ಗಾಳಿಯ ಸೋರಿಕೆ ಮತ್ತು ಕಣ್ಣುರಿ: ಮಾಸ್ಕಿನ ಮೇಲಂಚಿನಿಂದ ಸೋರುವ ಗಾಳಿ ಕಣ್ಣನ್ನು ಒಣಗಿಸುತ್ತದೆ. ಸೋರಿಕೆ ಕಂಡಾಗ ಪಟ್ಟಿಯನ್ನು ಬಿಗಿಗೊಳಿಸುವುದು ಸಹಜ ಪ್ರತಿಕ್ರಿಯೆ. ಆದರೆ ಅತಿಯಾದ ಬಿಗಿತದಿಂದ ಮೆತ್ತೆಯ ಆಕಾರ ಕೆಟ್ಟು ಸೋರಿಕೆ ಹೆಚ್ಚಬಹುದು. ಯಂತ್ರ ಚಾಲನೆಯಲ್ಲಿರುವಾಗ, ಮಲಗಿದ ಭಂಗಿಯಲ್ಲಿಯೇ ಪಟ್ಟಿಗಳನ್ನು ಸರಿಹೊಂದಿಸಬೇಕು.

ಚರ್ಮದ ಗಾಯ: ಬೆಳಗ್ಗೆ ಕಾಣುವ ತೆಳು ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಚಿಂತೆಯಿಲ್ಲ. ಮೂಗಿನ ಸೇತುವೆಯ ಮೇಲೆ ಹುಣ್ಣಾದರೆ ಮಾಸ್ಕಿನ ಅಳತೆ ಅಥವಾ ಮಾದರಿಯನ್ನು ಬದಲಾಯಿಸಬೇಕು.

ಹೊಟ್ಟೆಯುಬ್ಬರ ಮತ್ತು ತೇಗು: ಗಾಳಿ ಅನ್ನನಾಳಕ್ಕೆ ಇಳಿಯುವುದರಿಂದ ಹೀಗಾಗುತ್ತದೆ. ಮಗ್ಗುಲಾಗಿ ಅಥವಾ ತಲೆಯ ಕಡೆ ಎತ್ತರಿಸಿ ಮಲಗುವುದು ಕೆಲವರಿಗೆ ಉಪಶಮನ ನೀಡುತ್ತದೆ. ಉಳಿದವರಿಗೆ ವೈದ್ಯರು ಒತ್ತಡವನ್ನು ಪರಿಷ್ಕರಿಸುತ್ತಾರೆ. ರೋಗಿಯೇ ಒತ್ತಡವನ್ನು ಬದಲಾಯಿಸಿಕೊಳ್ಳುವುದು ಸೂಕ್ತವಲ್ಲ.

ಉಸಿರು ಹೊರಬಿಡಲು ಕಷ್ಟ: ಕಡಿಮೆ ಒತ್ತಡದಿಂದ ಆರಂಭಿಸಿ ನಿಧಾನವಾಗಿ ಏರಿಸುವ 'ರ‍್ಯಾಂಪ್' ಮತ್ತು ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಸೌಲಭ್ಯಗಳು ಹೆಚ್ಚಿನ ಹೊಸ ಯಂತ್ರಗಳಲ್ಲಿವೆ.

ಭಯ ಮತ್ತು ಇಕ್ಕಟ್ಟಿನ ಭಾವನೆ: ಇದಕ್ಕೆ ಹಂತಹಂತದ ಅಭ್ಯಾಸವನ್ನು ಸೂಚಿಸಲಾಗುತ್ತದೆ. ಮೊದಲು ಹಗಲಿನಲ್ಲಿ ಕೊಳವೆ ಜೋಡಿಸದೆ ಮಾಸ್ಕನ್ನು ಮುಖಕ್ಕೆ ಹಿಡಿದು ಉಸಿರಾಡುವುದು, ಅನಂತರ ಟಿ.ವಿ. ನೋಡುತ್ತಲೋ ಓದುತ್ತಲೋ ಯಂತ್ರದೊಂದಿಗೆ ಧರಿಸುವುದು, ಬಳಿಕ ಮಧ್ಯಾಹ್ನದ ಕಿರುನಿದ್ರೆಗೆ, ಕೊನೆಗೆ ಇಡೀ ರಾತ್ರಿಗೆ ಬಳಸುವುದು ಇದರ ಕ್ರಮ. ಮೂಗಿನ ಹೊಳ್ಳೆಗಳಿಗಷ್ಟೇ ತಾಗುವ ಚಿಕ್ಕ ಮಾಸ್ಕ್ ಕೆಲವರಿಗೆ ಹಿತವೆನಿಸುತ್ತದೆ.

ಸ್ಥಳೀಯ ಸಂದರ್ಭ

ಮೈಸೂರು ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಹೆಚ್ಚು ಎತ್ತರದಲ್ಲಿದ್ದು, ಚಳಿಗಾಲದ ರಾತ್ರಿಗಳು ತಂಪಾಗಿಯೂ ಬೇಸಿಗೆಯ ಆರಂಭ ಒಣಹವೆಯಿಂದಲೂ ಕೂಡಿರುತ್ತವೆ. ತಂಪು ಕೋಣೆಯಲ್ಲಿ ಕೊಳವೆಯೊಳಗಿನ ಆವಿ ನೀರಾಗಿ ಮುಖಕ್ಕೆ ಹನಿಯಬಹುದು. ಕೊಳವೆಗೆ ಬಟ್ಟೆಯ ಹೊದಿಕೆ ತೊಡಿಸುವುದು, ತೇವದ ಮಟ್ಟವನ್ನು ತಗ್ಗಿಸುವುದು ಅಥವಾ ಯಂತ್ರವನ್ನು ಹಾಸಿಗೆಗಿಂತ ಕೆಳಗಿಡುವುದು ಇದಕ್ಕೆ ಪರಿಹಾರ. ಮುಖಕ್ಕೆ ಹಚ್ಚಿದ ಎಣ್ಣೆ ಅಥವಾ ಕ್ರೀಮು ಸಿಲಿಕೋನ್ ಮೆತ್ತೆಯನ್ನು ಜಾರಿಸುವುದರಿಂದ ಮಲಗುವ ಮುನ್ನ ಮುಖ ತೊಳೆಯುವುದು ಒಳ್ಳೆಯದು. ಮೂಗುತಿಯೂ ದಟ್ಟ ಗಡ್ಡವೂ ಕೆಲವು ಮಾಸ್ಕುಗಳು ಸರಿಯಾಗಿ ಕೂರಲು ಅಡ್ಡಿಯಾಗುತ್ತವೆ. ಗಡ್ಡವಿರುವವರಿಗೆ ಹೊಳ್ಳೆಯ ಮಾಸ್ಕ್ ಹೆಚ್ಚು ಹೊಂದುತ್ತದೆ.

ಮುಸ್ಲಿಮರು ಹೆಚ್ಚಿನ ಸಂಖ್ಯೆಯಲ್ಲಿ ವಾಸಿಸುವ ಮೈಸೂರಿನ ರಾಜೀವನಗರ, ಉದಯಗಿರಿಯಂತಹ ಬಡಾವಣೆಗಳಲ್ಲಿ ರಂಜಾನ್ ತಿಂಗಳಿನ ನಿದ್ರೆ ಸಹರಿಗಾಗಿ ಎರಡು ಭಾಗವಾಗುತ್ತದೆ. ಸಹರಿಯ ಬಳಿಕ ಮತ್ತೆ ಮಲಗುವಾಗಲೂ ಮಾಸ್ಕ್ ಧರಿಸುವುದು ಅಗತ್ಯ. ಏಕೆಂದರೆ ಬೆಳಗಿನ ಜಾವದಲ್ಲಿ ಕನಸಿನ ನಿದ್ರೆಯ ಪಾಲು ಹೆಚ್ಚಿದ್ದು, ಅನೇಕರಲ್ಲಿ ಆ ಹಂತದಲ್ಲಿಯೇ ಉಸಿರುಕಟ್ಟುವಿಕೆ ಉಲ್ಬಣಿಸುತ್ತದೆ.

ವಿದ್ಯುತ್ ಕಡಿತವಾದಾಗ ಯಂತ್ರ ನಿಲ್ಲುತ್ತದೆ. ಪೂರ್ಣ ಮಾಸ್ಕುಗಳಲ್ಲಿ ಆಗ ಹೊರಗಾಳಿಯನ್ನು ಒಳಬಿಡುವ ಕವಾಟವಿರುತ್ತದೆ. ಬ್ಯಾಟರಿಯಿಂದ ನಡೆಸುವಾಗ ತೇವಕಾರಕದ ಬಿಸಿಯನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ.

ಸ್ವಚ್ಛತೆ

ಮಾಸ್ಕಿನ ಮೆತ್ತೆಯನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸಾಬೂನು ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತೇವಕಾರಕಕ್ಕೆ ಭಟ್ಟಿ ಇಳಿಸಿದ ನೀರನ್ನು ಬಳಸಿ, ದಿನವೂ ಬದಲಾಯಿಸಬೇಕು. ಗಡಸು ನೀರು ತೊಟ್ಟಿಯಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಓಜೋನ್ ಅನಿಲದಿಂದ ಶುಚಿಗೊಳಿಸುವ ಸಾಧನಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಎಚ್ಚರಿಕೆ ನೀಡಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಪದೇ ಪದೇ ಮೂಗಿನಿಂದ ರಕ್ತ ಬರುವುದು, ಕಿವಿನೋವು, ವಾಸಿಯಾಗದ ಗಾಯ, ನಿಯಮಿತ ಬಳಕೆಯ ನಂತರವೂ ಉಳಿಯುವ ತೂಕಡಿಕೆ, ಇವು ತಜ್ಞರ ಮರುಪರೀಕ್ಷೆಗೆ ಕಾರಣಗಳು. ಎದೆನೋವು ಅಥವಾ ತೀವ್ರ ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತೂಕಡಿಕೆ ಹತೋಟಿಗೆ ಬರುವವರೆಗೆ ವಾಹನ ಚಲಾಯಿಸುವುದು ಅಪಾಯಕರ. ಎಲ್ಲ ಹೊಂದಾಣಿಕೆಗಳ ನಂತರವೂ ಸಿಪ್ಯಾಪ್ ಸಹಿಸಲಾಗದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ, ತೂಕ ಇಳಿಕೆ, ಮಲಗುವ ಭಂಗಿಯ ಬದಲಾವಣೆ ಮತ್ತು ಆಯ್ದ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಪರ್ಯಾಯಗಳಾಗಿವೆ. ಯಂತ್ರವನ್ನು ಸುಮ್ಮನೆ ಮೂಲೆಗಿಡುವುದರಿಂದ ರೋಗವು ಚಿಕಿತ್ಸೆಯಿಲ್ಲದೆ ಮುಂದುವರಿಯುತ್ತದೆ.